ಓದುಗರ ಪ್ರಶ್ನೆ: ಅಜ್ಜಿ, ಮೊಮ್ಮಕ್ಕಳೊಂದಿಗೆ ಸೇಂಟ್ ಹೆಲೆನಾ

ಪ್ರಶ್ನೆ: ನಾವು ಐದು ಜನ, 72 ವರ್ಷದ ನನ್ನ ತಾಯಿ ಮತ್ತು 8 ಹಾಗೂ 13 ವರ್ಷದ ಮಕ್ಕಳೂ ಸೇರಿ, ದಕ್ಷಿಣ ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪವನ್ನು ನೋಡಿಬರಬೇಕೆಂದಿದ್ದೇವೆ. ತಾಯಿಗೆ ಮಂಡಿನೋವಿದೆ. ದ್ವೀಪ ಚಿಕ್ಕದಾದ್ದರಿಂದ ಮೂರು ದಿನ ಸಾಕೆಂದು ನನ್ನ ಪತಿಯ ಅಭಿಪ್ರಾಯ. ಇದು ಸಾಧ್ಯವೇ? ತಾಯಿಯನ್ನು ಕರೆದೊಯ್ಯುವುದು ಸರಿಯೇ?

ಉತ್ತರ: ನಿಮ್ಮ ತಾಯಿಯವರನ್ನು ಖಂಡಿತ ಕರೆದುಕೊಂಡು ಹೋಗಿ, ಮೂರು ದಿನದ ಲೆಕ್ಕವನ್ನು ಮಾತ್ರ ಕೈಬಿಡಿ. ಜೋಹಾನ್ಸ್‌ಬರ್ಗ್‌ನಿಂದ ಅಲ್ಲಿಗೆ ನಿಯಮಿತ ವಿಮಾನ ಆರಂಭವಾದದ್ದು 2017ರ ಅಕ್ಟೋಬರಿನಲ್ಲಿ. ವರ್ಷದ ಬಹುಪಾಲು ಅದು ವಾರಕ್ಕೊಮ್ಮೆಯಷ್ಟೇ ಹೋಗಿಬರುವುದರಿಂದ, ಒಮ್ಮೆ ಇಳಿದವರು ಮುಂದಿನ ವಿಮಾನದವರೆಗೆ ಹೇಗೂ ಅಲ್ಲೇ ಇರಬೇಕಾಗುತ್ತದೆ. ಕಡಿದಾದ ಬಂಡೆಗಳನ್ನು ಹಾದು ಬರುವ ಗಾಳಿ ರನ್‌ವೇಯ ಬಳಿ ಹಠಾತ್ತನೆ ದಿಕ್ಕು, ವೇಗ ಬದಲಿಸುವುದುಂಟು, ಮೋಡವೂ ಕವಿಯುತ್ತದೆ. ಆದ್ದರಿಂದ ಮರಳುವಾಗ ಜೋಹಾನ್ಸ್‌ಬರ್ಗ್‌ನಿಂದ ಮುಂದಿನ ಪ್ರಯಾಣಕ್ಕೆ ಒಂದೆರಡು ದಿನವಾದರೂ ಬಿಡುವಿಟ್ಟುಕೊಳ್ಳಿ.

ದ್ವೀಪದ ವಿಸ್ತೀರ್ಣ ಸುಮಾರು 122 ಚದರ ಕಿ.ಮೀ. ಮಾತ್ರ ಎಂಬುದು ನಿಜ. ಆದರೆ ಅದು ಕಡಲಿನಿಂದ ಎದ್ದು ನಿಂತ, ಎಂದೋ ಆರಿಹೋದ ಜ್ವಾಲಾಮುಖಿಯ ತುದಿ. ಅಲ್ಲಿ ನಕ್ಷೆ ನೋಡಿ ದೂರ ಅಳೆಯಲಾಗದು. ಕಣಿವೆಯಾಚೆ ಎದುರಿಗೇ ಕಾಣುವ ಮನೆಗೆ ಹೋಗಬೇಕಾದರೂ ಸುತ್ತುಬಳಸಿ ಇಳಿದು, ಕತ್ತರಿ ತಿರುವುಗಳಲ್ಲಿ ಮತ್ತೆ ಏರಬೇಕು. ಅನೇಕ ಕಡೆ ರಸ್ತೆ ಒಂದೇ ವಾಹನ ಹಿಡಿಸುವಷ್ಟು ಅಗಲವಿದ್ದು, ಎದುರುಬದುರಾದಾಗ ಇಳಿಯುತ್ತಿರುವವರು ನಿಂತು ಏರುತ್ತಿರುವವರಿಗೆ ದಾರಿ ಬಿಡಬೇಕು. ಎದುರಾದವರಿಗೆಲ್ಲ ಕೈಬೀಸುವುದು ಅಲ್ಲಿನ ರೂಢಿ. ಮಕ್ಕಳು ಇದನ್ನು ಮೊದಲ ದಿನವೇ ಕಲಿತುಬಿಡುತ್ತಾರೆ. ಇಂಥ ರಸ್ತೆಯಲ್ಲಿ ಹೊಸಬರು ವಾಹನ ಓಡಿಸುವುದಕ್ಕಿಂತ ಸ್ಥಳೀಯ ಚಾಲಕರೊಬ್ಬರನ್ನು ಗೊತ್ತುಮಾಡಿಕೊಳ್ಳುವುದೇ ಮೇಲು. ದಿನಕ್ಕೆ ಅರ್ಧ ಹೊತ್ತು ತಿರುಗಾಟ, ಉಳಿದರ್ಧ ವಿಶ್ರಾಂತಿ ಎಂದಿಟ್ಟುಕೊಂಡರೆ ತಾಯಿಯವರ ಮಂಡಿಗೂ ಹಿತ, ತಿರುವುಗಳಲ್ಲಿ ಮಕ್ಕಳಿಗೆ ಹೊಟ್ಟೆ ತೊಳಸುವುದೂ ಕಡಿಮೆ.

ವಿಮಾನ ಇಳಿದೊಡನೆ ಕಾಣುವ ಬೋಳು ನೆಲವನ್ನು ನೋಡಿ ಯಾರೂ ನಿರಾಶರಾಗಬೇಡಿ. ದ್ವೀಪದ ಹೊರ ಅಂಚೆಲ್ಲ ಕಂದು, ಕೆಂಪು ಬಣ್ಣದ ಒಣ ಬಂಡೆ. ಪೋರ್ಚುಗೀಸರು ಬಿಟ್ಟ ಆಡುಗಳು ಗಿಡಮರಗಳನ್ನು ಮೇಯ್ದು ಮುಗಿಸಿದ ಮೇಲೆ ಮಣ್ಣು ಕೊಚ್ಚಿಹೋಯಿತು. ಒಳನಾಡಿಗೆ ಏರುತ್ತಿದ್ದಂತೆ ಅದೇ ನೆಲ ಹಸಿರಾಗುತ್ತದೆ. ಇಳಿಜಾರುಗಳಲ್ಲಿ ದಟ್ಟವಾಗಿ ಹಬ್ಬಿರುವ ಕತ್ತಿಯಂಥ ಎಲೆಯ ಗಿಡ ನ್ಯೂಜಿಲೆಂಡಿನಿಂದ ತಂದ ನಾರಿನ ಬೆಳೆ. ಬ್ರಿಟನ್ನಿನ ಅಂಚೆ ಇಲಾಖೆ ಚೀಲ ಕಟ್ಟಲು ಕೃತಕ ದಾರ ಬಳಸತೊಡಗಿದ ಮೇಲೆ, 1966ರಲ್ಲಿ, ಆ ನಾರಿನ ಉದ್ಯಮವೇ ನಿಂತುಹೋಯಿತು. ಗಿಡ ಮಾತ್ರ ಉಳಿದು, ಮೂಲ ಸಸ್ಯಗಳ ಜಾಗವನ್ನು ಆಕ್ರಮಿಸಿತು. ಮೂಲ ಕಾಡಿನ ಅವಶೇಷ ಉಳಿದಿರುವುದು 800 ಮೀಟರಿಗೂ ಎತ್ತರದ ಡಯಾನಾ ಶಿಖರದ ಸುತ್ತಮುತ್ತ. ನಿಮ್ಮ ದೊಡ್ಡ ಮಗುವಿಗೆ ಇದನ್ನು ವಿವರಿಸಿ ಹೇಳಿ. ಶಾಲೆಯ ಪಾಠಕ್ಕಿಂತ ಗಟ್ಟಿಯಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ.

ತಾಯಿಯವರು ಹೆಚ್ಚು ನಡೆಯದೆ ನೋಡಬಹುದಾದ ಸ್ಥಳಗಳಲ್ಲಿ ಮೊದಲನೆಯದು ಗವರ್ನರರ ನಿವಾಸವಾದ ಪ್ಲಾಂಟೇಶನ್ ಹೌಸ್. ಅದರ ಹುಲ್ಲುಹಾಸಿನಲ್ಲಿರುವ ಜೊನಾಥನ್ ಎಂಬ ದೈತ್ಯ ಆಮೆ ಸುಮಾರು 1832ರಲ್ಲಿ ಹುಟ್ಟಿದ್ದೆಂದು ಅಂದಾಜು. 1882ರಲ್ಲಿ ದ್ವೀಪಕ್ಕೆ ಬಂದಾಗಲೇ ಅದು ಪೂರ್ಣ ಬೆಳೆದಿತ್ತು. ಕಣ್ಣು ಕಾಣದ, ವಾಸನೆ ತಿಳಿಯದ ಈ ಹಿರಿಯ ಜೀವಕ್ಕೆ ಕಿವಿ ಮಾತ್ರ ಚುರುಕು. ಮಕ್ಕಳು ಸದ್ದು ಮಾಡದೆ, ಗುರುತು ಮಾಡಿದ ಜಾಗದಲ್ಲೇ ನಿಂತು ನೋಡಬೇಕು. ಎರಡನೆಯದು ಲಾಂಗ್‌ವುಡ್ ಹೌಸ್. 1815ರ ಡಿಸೆಂಬರಿನಿಂದ 1821ರ ಮೇ 5ರಂದು ಸಾಯುವವರೆಗೆ ನೆಪೋಲಿಯನ್ ಬಂದಿಯಾಗಿದ್ದ ಈ ಮನೆ 1858ರಿಂದ ಫ್ರಾನ್ಸಿನ ಸ್ವತ್ತು. ಅವನು ಕಾವಲುಗಾರರ ಕಣ್ಣಿಗೆ ಬೀಳದೆ ಹೊರಗೆ ನೋಡಲು ಕಿಟಕಿಯ ಬಾಗಿಲಿನಲ್ಲಿ ಕೊರೆಸಿಕೊಂಡ ರಂಧ್ರಗಳನ್ನು ತೋರಿಸುತ್ತಾರೆ. ಇಡೀ ಯುರೋಪನ್ನು ನಡುಗಿಸಿದವನ ಕೊನೆಯ ವರ್ಷಗಳು ಎಂಥವೆಂದು ತಿಳಿಯಲು ಅವೇ ಸಾಕು. ಅವನನ್ನು ಹೂಳಿದ್ದ ಕಣಿವೆಯ ಸಮಾಧಿಗೆ ಹುಲ್ಲಿನ ಇಳಿಜಾರಿನಲ್ಲಿ ನಡೆದೇ ಹೋಗಬೇಕಾದ್ದರಿಂದ ತಾಯಿಯವರು ವಾಹನದ ಬಳಿಯೇ ಉಳಿಯುವುದು ಒಳ್ಳೆಯದು. ಅವಶೇಷಗಳನ್ನು 1840ರಲ್ಲೇ ಫ್ರಾನ್ಸಿಗೆ ಒಯ್ದರು. ಹೆಸರನ್ನು ಹೇಗೆ ಕೆತ್ತಬೇಕೆಂಬ ಜಗಳ ಬಗೆಹರಿಯದೆ ಚಪ್ಪಡಿ ಬರಿದಾಗಿಯೇ ಉಳಿಯಿತು.

ಮಕ್ಕಳಿಗೆ ಜೇಮ್ಸ್‌ಟೌನಿನ 699 ಮೆಟ್ಟಿಲುಗಳ ಜೇಕಬ್ಸ್ ಲ್ಯಾಡರ್ ಇದೆ. ಅವರು ದೊಡ್ಡವರೊಬ್ಬರ ಜೊತೆ ಬೆಳಗಿನ ತಂಪಿನಲ್ಲಿ ಹತ್ತಲಿ, ಅಜ್ಜಿ ವಾಹನದಲ್ಲಿ ಮೇಲಿನ ತುದಿಗೆ ಹೋಗಿ ಕಾಯಲಿ. ಅದಕ್ಕಿಂತಲೂ ನಾನು ಹೆಚ್ಚು ಮೆಚ್ಚುವುದು ಅಂಚೆಪೆಟ್ಟಿಗೆಯ ನಡಿಗೆಗಳನ್ನು. ಪ್ರತಿ ಹಾದಿಯ ಕೊನೆಯಲ್ಲೂ ಒಂದು ಪೆಟ್ಟಿಗೆಯಿದ್ದು, ಅದರೊಳಗೆ ಬಂದವರು ಹೆಸರು ಬರೆಯುವ ಪುಸ್ತಕ ಮತ್ತು ಆ ಹಾದಿಗೇ ಮೀಸಲಾದ ಒಂದು ರಬ್ಬರ್ ಮುದ್ರೆ ಇರುತ್ತವೆ. ಹಾದಿಗಳನ್ನು ಕಷ್ಟಕ್ಕೆ ತಕ್ಕಂತೆ ವರ್ಗೀಕರಿಸಿದ್ದಾರೆ. 8 ವರ್ಷದ ಮಗುವಿದೆಯೆಂದು ಮೊದಲೇ ತಿಳಿಸಿ ಸುಲಭವಾದುದನ್ನೇ ಆರಿಸಿ. ಪ್ರಪಾತದ ಅಂಚಿನ ಹಾದಿಗಳು ಮಕ್ಕಳಿಗೆ ಬೇಡವೇ ಬೇಡ.

ಗಂಭೀರ ಕಾಯಿಲೆಯಾದರೆ ದ್ವೀಪದಿಂದ ಹೊರಗೆ ಸಾಗಿಸಬೇಕಾಗುತ್ತದೆ. ಆ ವೆಚ್ಚವನ್ನು ಭರಿಸುವ ವೈದ್ಯಕೀಯ ವಿಮೆಯಿಲ್ಲದೆ ಪ್ರವಾಸಿಗರಿಗೆ ಪ್ರವೇಶವಿಲ್ಲ. ತಾಯಿಯವರ ಔಷಧಿಗಳನ್ನು ಹತ್ತು ದಿನಕ್ಕೆ ಹೆಚ್ಚಾಗಿಯೇ ಒಯ್ಯಿರಿ. ಬ್ರಿಟಿಷ್ ಪೌಂಡ್ ನಗದು ಅಲ್ಲಿ ನಡೆಯುತ್ತದೆ.

ಪ್ರಶ್ನೆ: ಅದೇ ದ್ವೀಪದಲ್ಲಿ ಮಕ್ಕಳನ್ನು ಸಮುದ್ರಕ್ಕೆ ಇಳಿಸಬಹುದೇ? ತಿಮಿಂಗಿಲ ಶಾರ್ಕ್ ಯಾವಾಗ ಕಾಣುತ್ತದೆ?

ಉತ್ತರ: ಈಜಿನ ಆಸೆಯನ್ನು ಜೇಮ್ಸ್‌ಟೌನಿನ ಈಜುಕೊಳದಲ್ಲೇ ತೀರಿಸಿಕೊಳ್ಳಲಿ, ಸ್ಯಾಂಡಿ ಬೇ ತೀರ ಕಣ್ಣಿಗೆ ಚೆಂದವೇ ಹೊರತು ನೀರಿಗಿಳಿಯುವ ಜಾಗವಲ್ಲ. ತಿಮಿಂಗಿಲ ಶಾರ್ಕ್‌ಗಳು ಹೆಚ್ಚಾಗಿ ಬರುವುದು ಜನವರಿಯಿಂದ ಮಾರ್ಚ್‌ವರೆಗೆ. ಅವನ್ನು ಅನುಮತಿ ಪಡೆದ ದೋಣಿಯವರೊಂದಿಗೆ ಹೋಗಿಯೇ ನೋಡಬೇಕು, ಮುಟ್ಟಬಾರದು. ದೋಣಿ ಹತ್ತುವ ಕಟ್ಟೆಯಲ್ಲಿ ಅಲೆ ಏರಿಳಿಯುವಾಗ ಹಿಡಿದುಕೊಳ್ಳಲು ಮೇಲಿನಿಂದ ಹಗ್ಗಗಳನ್ನು ಇಳಿಬಿಟ್ಟಿರುತ್ತಾರೆ. ಹಗ್ಗ ಹಿಡಿದು, ಸಿಬ್ಬಂದಿ ಹೇಳಿದ ಕ್ಷಣದಲ್ಲೇ ಕಾಲಿಡಬೇಕೆಂದು ಮಕ್ಕಳಿಗೆ ಮೊದಲೇ ತಿಳಿಹೇಳಿ. ದೋಣಿಯ ದಿನವನ್ನು ಪ್ರವಾಸದ ಆರಂಭದಲ್ಲೇ ಗೊತ್ತುಮಾಡಿಕೊಂಡರೆ, ಕಡಲು ಒರಟಾಗಿ ಅಂದು ದೋಣಿ ಹೊರಡದಿದ್ದರೂ ಇನ್ನೊಂದು ದಿನಕ್ಕೆ ಮುಂದೂಡಲು ಅವಕಾಶವಿರುತ್ತದೆ.