ಹಾರ, ಸಭೆ ಬಿಟ್ಟು ಏನು ಮಾಡಬಹುದು?

ಮೂವತ್ತು ವರ್ಷ ಹಾಸನದ ಹೆಣ್ಣುಮಕ್ಕಳಿಗೆ ಬಿಟ್ಟಿಯಾಗಿ ಅರ್ಜಿ ಬರೆದುಕೊಟ್ಟ ನಿಮ್ಮತ್ತೆಯ ನೆನಪಿಗೆ ಶ್ರದ್ಧಾಂಜಲಿ ಸಭೆ ಬಿಟ್ಟು ಏನು ಮಾಡಬಹುದು ಅಂತ ಕೇಳಿದ್ದೀರಿ.

ಸಕಲೇಶಪುರದ ಕಡೆ ನಮಗೂ ಅಂಥ ಒಬ್ಬ ಅಕ್ಕ ಇದ್ದರು. ಬಟ್ಟೆ ಚೀಲದಲ್ಲಿ ಬಿಳಿ ಹಾಳೆ, ಇಂಕ್ ಪ್ಯಾಡು, ಒಂದು ಚಿಂದಿ. ತೋಟದ ಹೆಂಗಸರಿಗೆ ಅರ್ಜಿಯನ್ನು ಗಟ್ಟಿಯಾಗಿ ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸುತ್ತಿರಲಿಲ್ಲ. ಒತ್ತಿದ ಮೇಲೆ ಆ ಚಿಂದಿಯಲ್ಲಿ ತಾವೇ ಬೆರಳು ಒರೆಸುತ್ತಿದ್ದರು. ಅವರು ಹೋದಾಗ ನಾವು ಫ್ಲೆಕ್ಸ್ ಕಟ್ಟಿದೆವು. ಮಲೆನಾಡಿನ ಮಳೆ, ಕೇಳಬೇಕೇ, ಹರಿದುಹೋಯ್ತು.

ನೀವು ಹಾಗೆ ಮಾಡಬೇಡಿ. ಸಂತೆ ದಿನ ಇಬ್ಬರು ಕೂತು ಅರ್ಜಿ ಬರೆದುಕೊಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಕೇಳುವ ಹಕ್ಕಿದೆ. ಓದಿದವರಿಗೂ ಇದು ಗೊತ್ತಿರೋದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಇಂಥ ದೂರಿಗೆಂದೇ ಸರ್ಕಾರ ನೇಮಿಸಿದ ಸಂರಕ್ಷಣಾಧಿಕಾರಿಗೇ ದೂರು ಕೊಡಬಹುದು, ಮೊದಲು ಠಾಣೆ ಮೆಟ್ಟಿಲು ಹತ್ತಲೇಬೇಕೆಂದಿಲ್ಲ. ಇವೆರಡನ್ನು ಬಾಯಲ್ಲಿ ಹೇಳಿದರೂ ಸಾಕು.

ಮತ್ತೆ, ಅತ್ತೆಯ ಹಳೇ ಅರ್ಜಿಗಳ ನಕಲಿದ್ದರೆ ದಯವಿಟ್ಟು ಪ್ರದರ್ಶನಕ್ಕಿಡಬೇಡಿ. ಅದರಲ್ಲಿರೋ ಎಷ್ಟೋ ಜನ ಇನ್ನೂ ಅದೇ ಊರಲ್ಲಿ, ಅದೇ ಮನೆಯಲ್ಲಿ ಸಂಸಾರ ಮಾಡ್ತಿರಬಹುದು.