ಗ್ರಾಫಿಕ್ ಡಿಸೈನ್ ಪ್ರತಿಭೆಯನ್ನು ಕಲಿಸಲು ಆಗುತ್ತದಾ?

ಬಹುಮಟ್ಟಿಗೆ ಆಗುತ್ತದೆ. ಡಿಸೈನ್ ಅಂದರೆ ಮುಖ್ಯವಾಗಿ, ಯಾವುದು ಮೊದಲು ಕಣ್ಣಿಗೆ ಬೀಳಬೇಕು ಎಂಬ ತೀರ್ಮಾನ. ಕೊಪ್ಪಳದಲ್ಲಿ ಜಾತ್ರೆಗೆ ಕಟ್ಟುವ ಫ್ಲೆಕ್ಸ್ ನೋಡಿ: ಹತ್ತಾರು ಮುಖ, ನಾಲ್ಕು ಬಗೆಯ ಅಕ್ಷರ, ಎಲ್ಲಕ್ಕೂ ಹಳದಿ ಅಂಚು. ಬೈಕಿನಲ್ಲಿ ಹೋಗುವವರಿಗೆ ತಾರೀಖೇ ಕಾಣುವುದಿಲ್ಲ. ಅದನ್ನೇ ತಾರೀಖು ದೊಡ್ಡದು ಮಾಡಿ, ಸುತ್ತ ಜಾಗ ಖಾಲಿ ಬಿಟ್ಟು, ಹಳೆಯದರ ಪಕ್ಕ ಇಟ್ಟು ತೋರಿಸಿದರೆ ಹೊಸಬರಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಹೀಗೆ ಹೋಲಿಸಿ, ತಿದ್ದಿಸಿಕೊಂಡು, ಮತ್ತೆ ಮಾಡುತ್ತಾ ಹೋದರೆ ಕಣ್ಣು ಪಳಗುತ್ತದೆ. ಸುಮ್ನೆ ಫೋಟೋಶಾಪ್ ಕಲಿತರೆ ಸಾಲದು. ಹತ್ತಿರದ ಕಿನ್ನಾಳದ ಚಿತ್ರಗಾರ ಮನೆಗಳಲ್ಲಿ ಗೊಂಬೆಗೆ ಬಣ್ಣ ಹಚ್ಚುವುದನ್ನು ಮಕ್ಕಳು ಹಿರಿಯರ ಪಕ್ಕ ಕೂತು ಕಲಿತದ್ದೂ ಹೀಗೇ ಅಲ್ವಾ? ಆದರೆ ‘ಇದು ಸರಿ ಬಂದಿಲ್ಲ, ಇನ್ನೊಮ್ಮೆ ಮಾಡೋಣ’ ಎನ್ನುವ ಹಟ ಇದೆಯಲ್ಲ, ಅದನ್ನು ಯಾವ ಕೋರ್ಸೂ ಕಲಿಸಿದ್ದು ನಾನಂತೂ ನೋಡಿಲ್ಲ.