11 ವರ್ಷದ ಮಗಳಿಗೆ ಎಚ್‌ಪಿವಿ ಲಸಿಕೆ: 18 ತುಂಬುವವರೆಗೆ ಕಾಯಬಹುದೇ?

ನಿಮ್ಮ 11 ವರ್ಷದ ಮಗಳಿಗೆ ಎಚ್‌ಪಿವಿ ಲಸಿಕೆ ಹಾಕಿಸುವಂತೆ ವೈದ್ಯರು ಸೂಚಿಸಿದ್ದಾರೆಂದೂ, ‘ಇಷ್ಟು ಚಿಕ್ಕವಳಿಗೆ ಇದೇಕೆ, 18 ತುಂಬಿದ ಮೇಲೆ ಅವಳೇ ತೀರ್ಮಾನಿಸಲಿ’ ಎಂದು ನಿಮ್ಮ ಪತಿ ಹೇಳುತ್ತಿದ್ದಾರೆಂದೂ, ಮುಂದೆ ಮಕ್ಕಳಾಗದೆ ಹೋದೀತೆಂದು ಬಂಧುವೊಬ್ಬರು ಹೆದರಿಸಿದ್ದಾರೆಂದೂ ಬರೆದಿದ್ದೀರಿ. 13 ವರ್ಷದ ಮಗನಿಗೂ ಇದು ಬೇಕೇ ಎಂದು ಕೇಳಿದ್ದೀರಿ. ಎಚ್‌ಪಿವಿ ಎಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್; ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರಿಗೆ ಮುಖ್ಯ ಕಾರಣ ಇದೇ. ನಾನು ಪೆಥಾಲಜಿಸ್ಟ್. ಗರ್ಭಕಂಠದಿಂದ ತೆಗೆದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ವರದಿ ಬರೆಯುವುದು ನನ್ನ ಕೆಲಸದ ದೊಡ್ಡ ಪಾಲು. ಆದ್ದರಿಂದ ಈ ವಿಷಯದಲ್ಲಿ ನಾನು ತಟಸ್ಥಳಲ್ಲ: ಹಾಕಿಸಿ, ಅದೂ ಈಗಲೇ ಹಾಕಿಸಿ ಎಂಬುದೇ ನನ್ನ ಉತ್ತರ.

ನಿಮ್ಮ ಪತಿಯ ಮಾತಿನಲ್ಲಿ ಮಗಳ ಆಯ್ಕೆಯ ಬಗ್ಗೆ ಗೌರವವಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಈ ಲಸಿಕೆಯ ಮಟ್ಟಿಗೆ ಕಾಯುವುದೆಂದರೆ ತೀರ್ಮಾನವನ್ನು ಮುಂದೂಡಿದಂತಲ್ಲ, ಲಸಿಕೆಯ ಫಲದ ಒಂದು ಭಾಗವನ್ನು ಬಿಟ್ಟುಕೊಟ್ಟಂತೆ. ಇದು ಸೋಂಕು ತಗಲದಂತೆ ತಡೆಯುತ್ತದೆಯೇ ಹೊರತು ಈಗಾಗಲೇ ತಗಲಿದ ಸೋಂಕನ್ನು ಗುಣಪಡಿಸುವುದಿಲ್ಲ. ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ ಎಷ್ಟು ಸಾಮಾನ್ಯವೆಂದರೆ, ಬಹುಪಾಲು ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ಅವರಿಗೇ ತಿಳಿಯದಂತೆ ಬಂದು ಹೋಗಿರುತ್ತದೆ. ಮೇಲಾಗಿ 9ರಿಂದ 14ರ ವಯಸ್ಸಿನಲ್ಲಿ ಲಸಿಕೆಗೆ ಪ್ರತಿಯಾಗಿ ದೇಹವು ಉತ್ಪಾದಿಸುವ, ಸೋಂಕನ್ನು ಎದುರಿಸುವ ಪ್ರತಿಕಾಯಗಳ ಪ್ರಮಾಣ ದೊಡ್ಡವರಿಗಿಂತ ಹೆಚ್ಚು. ಈ ವಯಸ್ಸಿನವರಿಗೆ ಒಂದು ಅಥವಾ ಎರಡು ಡೋಸ್ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ.

ವಯಸ್ಸಿನಿಂದ ಆಗುವ ವ್ಯತ್ಯಾಸ ಬರೀ ಊಹೆಯಲ್ಲ. ಸ್ವೀಡನ್ನಿನಲ್ಲಿ ಸುಮಾರು 16.7 ಲಕ್ಷ ಹುಡುಗಿಯರ ಮತ್ತು ಯುವತಿಯರ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 17 ತುಂಬುವ ಮೊದಲೇ ಲಸಿಕೆ ಪಡೆದವರಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇ 88ರಷ್ಟು ಕಡಿಮೆಯಿತ್ತು. 17ರಿಂದ 30ರ ನಡುವೆ ಪಡೆದವರಲ್ಲಿ ಶೇ 53ರಷ್ಟು ಮಾತ್ರ. ಮರುವರ್ಷ ಇಂಗ್ಲೆಂಡಿನಿಂದ ಬಂದ ಅಂಕಿಗಳಲ್ಲಿ ಈ ಇಳಿಜಾರು ಇನ್ನೂ ಸ್ಪಷ್ಟವಾಗಿದೆ: 12–13ರ ವಯಸ್ಸಿನಲ್ಲಿ ಲಸಿಕೆ ನೀಡಲಾದ ಪೀಳಿಗೆಯಲ್ಲಿ ಶೇ 87, 14–16ರಲ್ಲಿ ನೀಡಲಾದವರಲ್ಲಿ ಶೇ 62, 16–18ರಲ್ಲಿ ನೀಡಲಾದವರಲ್ಲಿ ಶೇ 34ರಷ್ಟು ಇಳಿಕೆ. ಈ ಮೂರು ಸಂಖ್ಯೆಗಳನ್ನು ನಿಮ್ಮ ಪತಿಗೆ ತೋರಿಸಿ. ಲಸಿಕೆ ಒಂದೇ, ದೇಶ ಒಂದೇ, ಬದಲಾದದ್ದು ವಯಸ್ಸು.

ಇನ್ನು ಮಕ್ಕಳಾಗದೆ ಹೋದೀತೆಂಬ ಭಯ. ನನಗೆ ಅತ್ಯಂತ ನೋವು ಕೊಡುವುದು ಇದೇ, ಏಕೆಂದರೆ ಸತ್ಯ ಇದಕ್ಕೆ ತದ್ವಿರುದ್ಧವಾಗಿದೆ. ಲಸಿಕೆಗೂ ಬಂಜೆತನಕ್ಕೂ ಸಂಬಂಧವಿದೆಯೆಂಬುದಕ್ಕೆ ಯಾವ ಪುರಾವೆಯೂ ಇಲ್ಲ. ತಾಯ್ತನಕ್ಕೆ ನಿಜವಾಗಿ ಕುತ್ತು ತರುವುದು ಕಾಯಿಲೆ. ಸೋಂಕು ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ತಾನಾಗಿ ಹೋಗುತ್ತದೆ. ಹೋಗದೆ ಉಳಿದವರಲ್ಲಿ ಕೆಲವರಿಗೆ ಜೀವಕೋಶಗಳು ನಿಧಾನವಾಗಿ ರೂಪಗೆಡುತ್ತವೆ, ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಹಿಡಿಯುತ್ತದೆ. ನಾನು ಸ್ಲೈಡಿನಲ್ಲಿ ಕಾಣುವುದು ಈ ನಡುವಿನ ಹಂತಗಳನ್ನು: ಸುಕ್ಕುಗಟ್ಟಿದ, ಕಪ್ಪಾದ ಕೋಶಕೇಂದ್ರ, ಅದರ ಸುತ್ತ ಖಾಲಿ ಜಾಗ. ಆ ಹಂತದಲ್ಲಿ ಪತ್ತೆಯಾದರೆ ಜೀವ ಉಳಿಯುತ್ತದೆ, ನಿಜ. ಆದರೆ ಗರ್ಭಕಂಠದ ಒಂದು ಭಾಗವನ್ನು ಕತ್ತರಿಸಿ ತೆಗೆಯಬೇಕಾಗಬಹುದು, ಹಾಗೆ ತೆಗೆಸಿಕೊಂಡವರಲ್ಲಿ ಮುಂದೆ ಅವಧಿಗೆ ಮುನ್ನ ಹೆರಿಗೆಯಾಗುವ ಅಪಾಯ ಹೆಚ್ಚು. ಇನ್ನೂ ಮುಂದುವರಿದಿದ್ದರೆ ಗರ್ಭಕೋಶವನ್ನೇ ತೆಗೆಯಬೇಕು, ಇಲ್ಲವೇ ವಿಕಿರಣ ಚಿಕಿತ್ಸೆ ನೀಡಬೇಕು. ಮೂವತ್ತರ ಆಸುಪಾಸಿನ ಹೆಣ್ಣುಮಗಳ ವರದಿಗೆ ಸಹಿ ಹಾಕುವಾಗಲೆಲ್ಲ, ಇದನ್ನು ತಡೆಯಬಹುದಿತ್ತಲ್ಲ ಎಂದು ನನಗೆ ಅನ್ನಿಸದೆ ಇರುವುದಿಲ್ಲ.

ಲಸಿಕೆಯೊಳಗೆ ವೈರಸ್ ಇಲ್ಲ. ಇರುವುದು ವೈರಸ್ಸಿನ ಹೊರಕವಚದ ಒಂದು ಪ್ರೋಟೀನ್ ಮಾತ್ರ. ಒಳಗೆ ಕಾಳಿಲ್ಲದ ಜೊಳ್ಳಿನಂತೆ ಅದರಲ್ಲಿ ವೈರಸ್ಸಿನ ಡಿಎನ್‌ಎ ಇಲ್ಲದಿರುವುದರಿಂದ ಅದು ಸೋಂಕನ್ನಾಗಲಿ ಕ್ಯಾನ್ಸರನ್ನಾಗಲಿ ಉಂಟುಮಾಡಲಾರದು. ತೋಳು ನೋಯುತ್ತದೆ, ಕೆಲವರಿಗೆ ಜ್ವರ, ತಲೆನೋವು ಬರುತ್ತದೆ. ಈ ವಯಸ್ಸಿನ ಮಕ್ಕಳು ಸೂಜಿ ಚುಚ್ಚಿಸಿಕೊಂಡ ಕೂಡಲೇ ತಲೆಸುತ್ತಿ ಬೀಳುವುದುಂಟು, ಆದ್ದರಿಂದ 15 ನಿಮಿಷ ಕೂರಿಸಿಕೊಳ್ಳುತ್ತಾರೆ. ತೀವ್ರ ಅಲರ್ಜಿ ತೀರಾ ಅಪರೂಪ. ಜಪಾನಿನ ಸುದ್ದಿ ನಿಮ್ಮ ಕಿವಿಗೂ ಬಿದ್ದಿರಬಹುದು: ಲಸಿಕೆಯ ನಂತರ ಕೆಲವು ಹುಡುಗಿಯರಲ್ಲಿ ದೀರ್ಘಕಾಲದ ನೋವು ಮತ್ತು ಚಲನೆಯ ತೊಂದರೆಗಳು ವರದಿಯಾದಾಗ, 2013ರ ಜೂನ್‌ನಲ್ಲಿ ಅಲ್ಲಿನ ಸರ್ಕಾರ ತನ್ನ ಶಿಫಾರಸನ್ನು ತಡೆಹಿಡಿಯಿತು. ಶೇ 70ರ ಸುಮಾರಿನಲ್ಲಿದ್ದ ಲಸಿಕಾ ಪ್ರಮಾಣ ಶೇ 1ಕ್ಕಿಂತ ಕೆಳಗಿಳಿಯಿತು. ಆ ಮಕ್ಕಳ ನರಳಾಟ ನಿಜವೇ. ಆದರೆ ನಗೋಯಾ ನಗರದಲ್ಲಿ ನಡೆದ ದೊಡ್ಡ ಸಮೀಕ್ಷೆಯಲ್ಲಿ ಲಸಿಕೆಗೂ ಅಂಥ ಲಕ್ಷಣಗಳಿಗೂ ನಂಟು ಕಂಡುಬರಲಿಲ್ಲ, 2022ರ ಏಪ್ರಿಲ್‌ನಲ್ಲಿ ಶಿಫಾರಸು ಮರಳಿತು.

ಲೈಂಗಿಕತೆಗೆ ಸಂಬಂಧಿಸಿದ್ದೆಂಬ ಮುಜುಗರವೂ ನಿಮ್ಮ ಮನೆಯ ಹಿಂಜರಿಕೆಯ ಹಿಂದೆ ಇರಬಹುದು. ಲಸಿಕೆಯಿಂದ ಮಕ್ಕಳ ನಡವಳಿಕೆ ಬದಲಾಗುತ್ತದೆಂದು ಅಧ್ಯಯನಗಳು ತೋರಿಸಿಲ್ಲ. ಕ್ಯಾನ್ಸರ್ ತಡೆಯುವ ಲಸಿಕೆ ಎಂದು ಮಗಳಿಗೆ ಹೇಳಿದರೆ ನೀವು ಏನನ್ನೂ ಮುಚ್ಚಿಟ್ಟಂತಾಗುವುದಿಲ್ಲ.

ಇದರ ಮಿತಿಯೂ ನಿಮಗೆ ತಿಳಿದಿರಲಿ. ಗರ್ಭಕಂಠದ ಕ್ಯಾನ್ಸರಿನಲ್ಲಿ ಸುಮಾರು ಶೇ 70ಕ್ಕೆ 16 ಮತ್ತು 18ನೇ ಬಗೆಯ ವೈರಸ್‌ಗಳು ಕಾರಣ, ಇವೆರಡರ ವಿರುದ್ಧ ಎಲ್ಲ ಎಚ್‌ಪಿವಿ ಲಸಿಕೆಗಳೂ ರಕ್ಷಣೆ ಕೊಡುತ್ತವೆ. ಒಂಬತ್ತು ಬಗೆಗಳನ್ನು ಒಳಗೊಂಡ ಲಸಿಕೆಯಾದರೆ ವ್ಯಾಪ್ತಿ ಸುಮಾರು ಶೇ 90. ಉಳಿದ ಪಾಲಿಗಾಗಿ, ವಯಸ್ಸು ಬಂದಾಗ ನಿಮ್ಮ ಮಗಳು ನಿಯತವಾಗಿ ಗರ್ಭಕಂಠದ ತಪಾಸಣೆ ಮಾಡಿಸಿಕೊಳ್ಳಲೇಬೇಕು.

ಮಗನಿಗೆ? ಹಾಕಿಸಿ. ಗಂಟಲು, ಗುದದ್ವಾರ ಮತ್ತು ಶಿಶ್ನದ ಕ್ಯಾನ್ಸರ್‌ಗಳಲ್ಲಿ ಇದೇ ವೈರಸ್ಸಿನ ಪಾಲಿದೆ, ಗಂಟಲಿನ ಕ್ಯಾನ್ಸರನ್ನು ಮೊದಲೇ ಪತ್ತೆಹಚ್ಚಲು ಗರ್ಭಕಂಠಕ್ಕಿರುವಂಥ ತಪಾಸಣೆಯೂ ಇಲ್ಲ. ಆಸ್ಟ್ರೇಲಿಯ 2007ರಲ್ಲಿ ಹುಡುಗಿಯರಿಗೆ ಆರಂಭಿಸಿದ ಕಾರ್ಯಕ್ರಮವನ್ನು 2013ರಲ್ಲಿ ಹುಡುಗರಿಗೂ ವಿಸ್ತರಿಸಿತು. ಹಣದ ಕಾರಣದಿಂದ ಒಬ್ಬರಿಗೆ ಮಾತ್ರ ಸಾಧ್ಯವಾದರೆ ಮೊದಲು ಮಗಳಿಗೆ ಹಾಕಿಸಿ. ಹಿಂದೆ ಯಾವುದಾದರೂ ಲಸಿಕೆಯಿಂದ ತೀವ್ರ ಅಲರ್ಜಿಯಾಗಿದ್ದರೆ, ಯೀಸ್ಟ್ ಅಲರ್ಜಿ ಇದ್ದರೆ, ಅಥವಾ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಕಾಯಿಲೆಯೋ ಔಷಧಿಯೋ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ; ಅಂಥ ಮಕ್ಕಳಿಗೆ ಲಸಿಕೆಯ ಆಯ್ಕೆ ಅಥವಾ ಡೋಸ್‌ಗಳ ಸಂಖ್ಯೆ ಬೇರೆಯಾಗಬಹುದು. ಇವಾವುವೂ ಇಲ್ಲದಿದ್ದರೆ ಇಬ್ಬರಿಗೂ ಒಂದೇ ದಿನ ಹಾಕಿಸಬಹುದು.